ಯಾರು ಮಾತಾಡ್ತಿದ್ದೀರಿ, ಎಲ್ಲಿಂದ?

ಮಳೆಗಾಲ ಹಿಡಿದ ಮೇಲೆ ಆಕಾಶವಾಣಿಯ ಪ್ರದೇಶ ಸಮಾಚಾರ ಕೇಳುವ ರುಚಿಯೇ ಬೇರೆ. ಕೆಆರ್‌ಎಸ್‌ನ ಇಂದಿನ ಮಟ್ಟ ಇಷ್ಟು ಅಡಿ, ಗರಿಷ್ಠ 124.80. ಲಿಂಗನಮಕ್ಕಿಯ ಗರಿಷ್ಠ 1819 ಅಡಿ, ತುಂಗಭದ್ರೆಯದು 1633. ಆಲಮಟ್ಟಿಯದು ಮಾತ್ರ ಮೀಟರ್ ಲೆಕ್ಕ, 519.60. ಜೊತೆಗೆ ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಬೇರೆಯವರಿಗೆ ಇದು ಬರೀ ಅಂಕಿ. ಮಂಡ್ಯದಲ್ಲಿ ಭತ್ತದ ಒಟ್ಲು ಹಾಕಲು ಕಾದು ಕೂತವರಿಗೆ ಮೊದಲ ಅಂಕಿಯಲ್ಲೇ ಜೀವ. ಕಂಪ್ಲಿಯ ಸೇತುವೆ ದಾಟಿ ಗಂಗಾವತಿಗೆ ಹೋಗಬೇಕಾದವರಿಗೆ ತುಂಗಭದ್ರೆಯ ಹೊರಹರಿವು ಗೊತ್ತಾದರೆ ಸಾಕು. ಒಂದು ರಾಜ್ಯದ ಸುದ್ದಿ ಅಂದರೆ ಇಂಥದ್ದು. ಇದನ್ನು ಏರುದನಿಯಿಲ್ಲದೆ, ಹಿನ್ನೆಲೆ ಸಂಗೀತವಿಲ್ಲದೆ, ಒಂದೇ ಹದದಲ್ಲಿ ಓದಿ ಮುಗಿಸುವುದು ದೊಡ್ಡ ವಿದ್ಯೆ.

ಆ ವಿದ್ಯೆ ಓದುವವರದ್ದಷ್ಟೇ ಅಲ್ಲ, ಬರೆಯುವವರದ್ದೂ ಹೌದು. ಕನ್ನಡದ ಕ್ರಿಯಾಪದ ವಾಕ್ಯದ ತುದಿಯಲ್ಲಿ ಬಂದು ಕೂರುತ್ತದೆ. ‘ನಿನ್ನೆ ಸುರಿದ ಭಾರಿ ಮಳೆಯಿಂದ ಉಕ್ಕಿ ಹರಿಯುತ್ತಿರುವ ನದಿಯ ಪಾತ್ರದ ಗ್ರಾಮಗಳಿಗೆ ಭೇಟಿ ನೀಡಿದ ಜಿಲ್ಲಾ ಉಸ್ತುವಾರಿ ಸಚಿವರು’ ಎಂದು ಪತ್ರಿಕೆಯಲ್ಲಿ ಅಚ್ಚಾದರೆ ಕಣ್ಣು ಹಿಂದೆ ಹೋಗಿ ಇನ್ನೊಮ್ಮೆ ಓದಿಕೊಳ್ಳುತ್ತದೆ. ಕಿವಿಗೆ ಆ ಅನುಕೂಲವಿಲ್ಲ. ಸಚಿವರು ಬರುವ ಹೊತ್ತಿಗೆ ಮಳೆ ಮರೆತುಹೋಗಿರುತ್ತದೆ. ಒಳ್ಳೆಯ ಸುದ್ದಿ ಸಂಪಾದಕರು ಇದನ್ನು ಮೂರಾಗಿ ಮುರಿಯುತ್ತಾರೆ. ನದಿ ಉಕ್ಕಿದೆ. ದಂಡೆಯ ಊರುಗಳಿಗೆ ನೀರು ನುಗ್ಗಿದೆ. ಸಚಿವರು ಅಲ್ಲಿಗೆ ಹೋಗಿದ್ದಾರೆ. ಈ ಕ್ರಮದಲ್ಲಿ ಸಚಿವರು ಕೊನೆಗೆ ಬರುತ್ತಾರಲ್ಲ, ಅದು ನನಗೆ ಬಹಳ ಇಷ್ಟ.

ಆದರೆ ಎಲ್ಲ ದಿನವೂ ಹೀಗಿರುವುದಿಲ್ಲ. ತಿಳಿಸಿದರು, ಸೂಚಿಸಿದರು, ಸ್ಪಷ್ಟಪಡಿಸಿದರು ಎಂಬುದರಲ್ಲೇ ಸಮಾಚಾರ ಮುಗಿಯುವ ದಿನಗಳೂ ಉಂಟು. ಊರಿಗೆ ನೀರು ನುಗ್ಗಿದ್ದು ಕೇಳುತ್ತೇವೆ, ನೀರಿನಲ್ಲಿ ನಿಂತವರ ದನಿ ಕೇಳುವುದಿಲ್ಲ. ಆ ದನಿ ಬೇಕೆಂದರೆ ಅದೇ ಆಕಾಶವಾಣಿಯಲ್ಲಿ ಬೇರೊಂದು ಹೊತ್ತಿಗೆ ರೇಡಿಯೋ ಹಚ್ಚಬೇಕು. ವೈದ್ಯರೊಂದಿಗಿನ ನೇರ ಫೋನ್-ಇನ್ ಕಾರ್ಯಕ್ರಮವನ್ನು ನಾನು ವೈದ್ಯರಿಗಾಗಿ ಕೇಳುವವನಲ್ಲ, ಕರೆ ಮಾಡುವವರಿಗಾಗಿ ಕೇಳುವವನು.

‘ನಮಸ್ಕಾರ, ಯಾರು ಮಾತಾಡ್ತಿದ್ದೀರಿ, ಎಲ್ಲಿಂದ?’ ಆ ಕಡೆಯಿಂದ ಮೊದಲು ಒಂದು ಕೀರಲು ಸದ್ದು ಬರುತ್ತದೆ. ‘ಅಮ್ಮಾ, ನಿಮ್ಮ ರೇಡಿಯೋ ಸೌಂಡ್ ಸ್ವಲ್ಪ ಕಡಿಮೆ ಮಾಡ್ಕೊಳ್ಳಿ.’ ಸದ್ದು ಅಡಗುತ್ತದೆ. ಹಿಂದೆಲ್ಲೋ ಹಸು ಕೂಗುತ್ತದೆ. ‘ನಮ್ಮತ್ತೆಯೋರಿಗೆ ಕೇಳ್ಬೇಕಿತ್ತು ಸಾರ್. ಶುಗರ್ ಇತ್ತು, ಮಾತ್ರೆ ತಗೊಂಡ್ಮೇಲೆ ನಾರ್ಮಲ್ ಬಂತು, ಬಿಟ್ಬಿಟ್ರು. ಈಗ ಕಾಲು ಜೋಮು ಹಿಡೀತೈತೆ.’ ಅನುಭವಿ ವೈದ್ಯರು ಉಪದೇಶಕ್ಕೆ ಇಳಿಯುವುದಿಲ್ಲ. ಬಿಟ್ಟು ಎಷ್ಟು ದಿನವಾಯಿತು, ಪಾದದಲ್ಲಿ ಗಾಯ ಇದೆಯಾ ಎಂದು ಕೇಳುತ್ತಾರೆ. ಮಾತ್ರೆಯಿಂದಲೇ ನಾರ್ಮಲ್ ಬಂದದ್ದು, ಅದನ್ನು ಬಿಟ್ಟರೆ ಮತ್ತೆ ಏರುತ್ತದೆ, ನಾಳೆಯೇ ಹತ್ತಿರದ ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಯವರೆಗೆ ಬರಿಗಾಲಲ್ಲಿ ಓಡಾಡಲು ಬಿಡಬೇಡಿ ಎನ್ನುತ್ತಾರೆ. ಎರಡೇ ನಿಮಿಷ. ಇದೇ ತೊಂದರೆಯಿದ್ದೂ ಫೋನು ಎತ್ತದ ಎಷ್ಟೋ ಮನೆಗಳಿಗೆ ಅಷ್ಟರಲ್ಲಿ ಉತ್ತರ ಸಿಕ್ಕಿರುತ್ತದೆ. ನಮ್ಮ ಹಳ್ಳಿಗಳಲ್ಲಿ ಮಾತ್ರೆ ಯಾಕೆ ಅರ್ಧಕ್ಕೆ ನಿಲ್ಲುತ್ತದೆ ಎಂಬ ಸುದ್ದಿಯೂ ಆ ಸೊಸೆಯ ಮಾತಿನಲ್ಲೇ ಇರುತ್ತದೆ. ನನ್ನ ಪಾಲಿಗೆ ಅದು ಸಚಿವರ ಹೇಳಿಕೆಗಿಂತ ದೊಡ್ಡ ಸುದ್ದಿ.

ಮಲೆನಾಡಿನಲ್ಲಿ ಇಂಥ ಆರೋಗ್ಯ ಕಾರ್ಯಕ್ರಮದ ಅಗತ್ಯ ಇನ್ನೂ ಹೆಚ್ಚು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪತ್ತೆಯಾದ ಮಂಗನ ಕಾಯಿಲೆ ಇವತ್ತಿಗೂ ಬಿಟ್ಟುಹೋಗಿಲ್ಲ. ಉಣುಗು ಕಚ್ಚಿ ಬರುವ ಕಾಯಿಲೆ ಅದು. ಚಳಿಗಾಲದಿಂದ ಬೇಸಿಗೆಯವರೆಗೆ, ದರಗೆಲೆ ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವವರನ್ನೇ ಹೆಚ್ಚಾಗಿ ಹಿಡಿಯುತ್ತದೆ. ಮೊಬೈಲಿಗೆ ಸಿಗ್ನಲ್ ಸಿಗದ ಕಣಿವೆಗಳಿಗೂ ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಮಧ್ಯಮ ತರಂಗಾಂತರ ಹೋಗುತ್ತದೆ. ಗುಡ್ಡ ಅಡ್ಡ ಬಂದರೆ ಎಫ್‌ಎಂ ಅಲ್ಲೇ ನಿಲ್ಲುತ್ತದೆ. ಮಧ್ಯಮ ತರಂಗ ನೆಲವನ್ನೇ ಹಿಡಿದು ಆಚೆಗೂ ಸಾಗುತ್ತದೆ. ಹಳೆಯ ತಂತ್ರಜ್ಞಾನವೆಂದು ಅದನ್ನು ಕೈಬಿಡಲು ಹೊರಡುವವರು ಒಮ್ಮೆ ತೀರ್ಥಹಳ್ಳಿಯ ಒಳಹಳ್ಳಿಗಳಲ್ಲಿ ರೇಡಿಯೋ ತಿರುಗಿಸಿ ನೋಡಬೇಕು.

ಜನರ ದನಿಯ ಲೆಕ್ಕದಲ್ಲಿ ನೋಡಿದರೆ, ಕರ್ನಾಟಕದ ರೇಡಿಯೋ ಶುರುವಾದದ್ದೇ ಸರ್ಕಾರದಿಂದಲ್ಲ. ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ ಪ್ರಸಾರ ಆರಂಭಿಸಿದರು. ಮುಂದೆ ಅದು ಸಂಸ್ಥಾನದ ಕೈಗೆ ಹೋಯಿತು. ಧಾರವಾಡ ಕೇಂದ್ರ 1950ರಲ್ಲಿ, ಬೆಂಗಳೂರು ಕೇಂದ್ರ 1955ರಲ್ಲಿ ಬಂದವು. ಬೆಂಗಳೂರಿನ ಗ್ರಾಮೀಣ ಕಾರ್ಯಕ್ರಮದಲ್ಲಿ ಎ.ಎಸ್. ಮೂರ್ತಿಯವರು ಈರಣ್ಣನಾಗಿ ಹಳ್ಳಿಯ ಮಾತಿನಲ್ಲೇ ಕೃಷಿ, ಆರೋಗ್ಯದ ಸಂಗತಿ ಹೇಳಿ ‘ರೇಡಿಯೋ ಈರಣ್ಣ’ ಎಂದೇ ಮನೆಮಾತಾದರು. ಆದರೂ ಈರಣ್ಣ ಕಟ್ಟಿದ ಪಾತ್ರ. ಫೋನು ಹಿಡಿದ ಸೊಸೆಯ ಮಾತನ್ನು ಯಾರೂ ಬರೆದುಕೊಡುವುದಿಲ್ಲ.

ಆ ಮಾತು ಸುದ್ದಿಯೊಳಕ್ಕೆ ಬರದಿರಲು ಕಾನೂನಿನದೂ ಒಂದು ಪಾಲಿದೆ. ಬಾನಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತು. ಕೋಲಾರ ಜಿಲ್ಲೆಯ ಬೂದಿಕೋಟೆಯ ಜನ ‘ನಮ್ಮ ಧ್ವನಿ’ ಕಟ್ಟಿದಾಗ ಗಾಳಿಯಲ್ಲಿ ಪ್ರಸಾರ ಮಾಡಲು ಅನುಮತಿ ಇರಲಿಲ್ಲ. ಕೇಬಲ್ ಎಳೆದು ಮನೆಮನೆಗೆ ದನಿ ಮುಟ್ಟಿಸಿದರು. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರ ನೀತಿ. ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ‘ಜನಧ್ವನಿ’ 90.8 ಹುಟ್ಟಿದ್ದು ಆ ಬಾಗಿಲಿನಿಂದಲೇ. ಆಸ್ಪತ್ರೆ ನಡೆಸುವ ಸಂಸ್ಥೆಯ ಕೈಯಲ್ಲಿ ಬಾನುಲಿಯೂ ಇರುವುದು ಕಾಡಂಚಿನ ಹಾಡಿಗಳಿಗೆ ಎಷ್ಟು ದೊಡ್ಡ ಆಸರೆ! ಆದರೆ ಸಮುದಾಯ ಬಾನುಲಿಯಾಗಲಿ ಖಾಸಗಿ ಎಫ್‌ಎಂ ಆಗಲಿ ತಮ್ಮದೇ ಸುದ್ದಿ ಪ್ರಸಾರ ಮಾಡುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಮರುಪ್ರಸಾರ ಮಾಡಬಹುದು, ಅಷ್ಟೇ. ಹವಾಮಾನ, ಆರೋಗ್ಯ ಸೂಚನೆ ಹೇಳಬಹುದು, ಊರಿನ ಜಗಳ ಹೇಳುವಂತಿಲ್ಲ. ಪತ್ರಿಕೆಗೆ, ಟಿ.ವಿ.ಗೆ ಇಲ್ಲದ ಈ ಕಟ್ಟು ರೇಡಿಯೋಗೆ ಮಾತ್ರ ಯಾಕೆ ಎಂಬುದಕ್ಕೆ ಒಪ್ಪುವಂಥ ಉತ್ತರ ನಾನು ಈವರೆಗೆ ಕೇಳಿಲ್ಲ.

ನಿಯಮ ಬದಲಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ಸುದ್ದಿ ಹೇಳುವ ಅಧಿಕಾರ ಆಕಾಶವಾಣಿಗಿದೆ, ದನಿ ಹಿಡಿಯುವ ಜನ ಸರಗೂರು, ಬೂದಿಕೋಟೆಯಂಥ ಊರುಗಳಲ್ಲಿದ್ದಾರೆ. ವಾರಕ್ಕೊಂದು ದಿನ ಪ್ರದೇಶ ಸಮಾಚಾರದ ಕೊನೆಯ ಎರಡು ನಿಮಿಷವನ್ನು ಆ ಊರಿನವರ ದನಿಗೇ ಬಿಟ್ಟುಕೊಡಲಿ. ಸುದ್ದಿ ವಿಭಾಗದವರೇ ಆರಿಸಲಿ, ಪರಿಶೀಲಿಸಲಿ, ಕತ್ತರಿಸಲಿ. ಓದುವವರು ಬೆಂಗಳೂರಿನಲ್ಲಿ ಕೂತು ‘ತಿಳಿಸಿದರು’ ಎನ್ನುವ ಬದಲು, ಹೆಸರು ಹೇಳಿ, ಊರು ಹೇಳಿ, ಅವರನ್ನೇ ಮಾತಾಡಲು ಬಿಡಲಿ.