ಜರ್, ಜನ್, ಜಮೀನ್ ಮತ್ತು ಒಂದು ಒಂಟೆ

ಬ್ರಿಟಿಷ್ ಕಮಿಷನರ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆ ನಮ್ಮ ಬಾಯಲ್ಲಿ ಬಂಗಾರಪೇಟೆಯಾಯಿತು. ಹೆಸರಿನಲ್ಲೇ ಚಿನ್ನ ಕಟ್ಟಿಕೊಂಡ ಊರಿನವರು ನಾವು. ಚಿನ್ನವನ್ನು ಅಪಶಕುನವೆಂದು ದೂರವಿಟ್ಟು ಬೆಳ್ಳಿಯನ್ನಷ್ಟೇ ತೊಟ್ಟ ಮುಸ್ಲಿಮರೂ ಇದ್ದಾರೆಂದು ನಮಗೆ ತಿಳಿಸಿದ್ದು ಇಬ್ರಾಹಿಂ ಅಲ್-ಕೋನಿಯವರ 'ಅತ್ತಿಬ್ರ್' ಕಾದಂಬರಿ. ತಿಬ್ರ್ ಎಂದರೆ ಚಿನ್ನದ ಪುಡಿ. 1990ರಲ್ಲಿ ಅರಬಿಯಲ್ಲಿ ಬಂದ ಇದನ್ನು 2008ರಲ್ಲಿ ಎಲಿಯಟ್ ಕೊಲ್ಲಾ ಇಂಗ್ಲಿಷಿಗೆ ತಂದರು. 1948ರಲ್ಲಿ ಲಿಬಿಯಾದಲ್ಲಿ ಹುಟ್ಟಿದ ಅಲ್-ಕೋನಿ ಸಹಾರಾದ ತುವಾರೆಗ್ ಜನಾಂಗದವರು. ಅರಬಿ ಓದುಬರಹ ಕಲಿತದ್ದು 12ನೇ ವಯಸ್ಸಿನಲ್ಲಿ. ಮನೆಯಲ್ಲೊಂದು, ಬರವಣಿಗೆಗೊಂದು ಭಾಷೆಯಿರುವ ನಮ್ಮಂಥವರಿಗೆ ಇದು ಹೊಸದಲ್ಲ.

ಕಥೆ ಸರಳ. ಉಖಯ್ಯದ್‌ಗೆ ತನ್ನ ಮಚ್ಚೆಯ ಒಂಟೆಯೇ ಪ್ರಾಣ. ಬರಗಾಲದಲ್ಲಿ ಹೆಂಡತಿ ಮಗುವಿನ ಹಸಿವಿಗಾಗಿ ಅದನ್ನು ದೂದು ಎಂಬ ಸಿರಿವಂತನಲ್ಲಿ ಒತ್ತೆಯಿಡುತ್ತಾನೆ. ಬಿಡಿಸಿಕೊಳ್ಳಲು ಹೋದರೆ ದೂದು ಕೇಳುವುದು ತಲಾಖ್. ಕೊಟ್ಟದ್ದಾಯಿತು. ಜೊತೆಗೆ ಹಿಡಿಯಷ್ಟು ಚಿನ್ನದ ಪುಡಿಯೂ ಕೈ ಸೇರಿತು. ಚಿನ್ನಕ್ಕಾಗಿ ಹೆಂಡತಿ ಮಗುವನ್ನು ಮಾರಿದನೆಂಬ ಮಾತು ಮರಳುಗಾಡಿನಲ್ಲಿ ಹಬ್ಬುತ್ತದೆ. ಆ ಮಾತು ಇಬ್ಬರ ರಕ್ತ ಕೇಳುತ್ತದೆ.

ಒಂಟೆಯ ನೋವನ್ನು ಇಷ್ಟು ಹತ್ತಿರದಿಂದ ಬರೆದವರನ್ನು ನಾವು ಓದಿಲ್ಲ. ಆದರೆ ಹೆಂಡತಿ ಅಯೂರ್? ತುವಾರೆಗರಲ್ಲಿ ಮುಖ ಮುಚ್ಚುವವರು ಗಂಡಸರು, ಹೆಂಗಸರಲ್ಲ. ಡೇರೆ ಹೆಂಗಸಿನ ಸ್ವತ್ತು. ತಲಾಖ್ ಆದರೆ ಡೇರೆ ಬಿಟ್ಟು ಹೋಗಬೇಕಾದವನು ಗಂಡ. ಮಕ್ಕಳಿಗೆ ತಿಫಿನಾಗ್ ಲಿಪಿ ಕಲಿಸುವವಳು ತಾಯಿ. ಒಂಟಿ ತಂತಿಯ ಇಮ್ಜಾದ್ ನುಡಿಸುವವರೂ ಹೆಂಗಸರೇ. ಇಂಥ ಸಮಾಜದಿಂದ ಬಂದ ಕಾದಂಬರಿಯಲ್ಲಿ ಹೆಣ್ಣು ಗಂಡಿನ ಕಾಲಿಗೆ ತೊಡರುವ ಹಗ್ಗ ಮಾತ್ರ. ಜಗಳದ ಮೂಲ ಜರ್, ಜನ್, ಜಮೀನ್ ಎನ್ನುತ್ತದೆ ಉರ್ದು ಗಾದೆ. ಅದು ಹೆಣ್ಣನ್ನು ಚಿನ್ನ, ಭೂಮಿಗಳ ಸಾಲಿನಲ್ಲೇ ಎಣಿಸುತ್ತದೆ. ಅಲ್-ಕೋನಿ ಚಿನ್ನವನ್ನು ಶಪಿಸಿದರು, ಎಣಿಕೆಯನ್ನು ಮಾತ್ರ ಬದಲಿಸಲಿಲ್ಲ. ಉಖಯ್ಯದ್ ನಿಜಕ್ಕೂ ಒತ್ತೆಯಿಟ್ಟದ್ದು ಯಾರನ್ನು ಎಂದು ಅಯೂರ್ ಒಮ್ಮೆ ಕೇಳಿದ್ದರೆ ಕಾದಂಬರಿಯೇ ಬೇರೆಯಾಗುತ್ತಿತ್ತು.

ಇದು ದೂರದ ಜಗಳವಲ್ಲ. ಕೆಜಿಎಫ್‌ನ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಮೂರು ಕಿಲೋಮೀಟರಿಗೂ ಆಳಕ್ಕಿಳಿದು ತೆಗೆದ ಚಿನ್ನ ಎಲ್ಲೋ ಹೋಯಿತು. ನಮಗುಳಿದ 'ತಿಬ್ರ್' ಸೈನೈಡ್ ದಿಬ್ಬಗಳ ಪುಡಿ. ಗಾಳಿ ಎದ್ದರೆ ಅದು ಗಣಿ ಕಾರ್ಮಿಕರ ಲೈನ್ ಮನೆಗಳ ಅನ್ನದ ತಟ್ಟೆಗೂ ಬೀಳುತ್ತದೆ. ಮಾರಿಕುಪ್ಪಂನಿಂದ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ಹೆಣ್ಣುಮಕ್ಕಳ ನಿಕಾಹ್ ಮಾತುಕತೆಯಲ್ಲಿ ಈಗಲೂ ಮೊದಲ ಪ್ರಶ್ನೆ, ಎಷ್ಟು ತೊಲ? ಮೆಹರ್ ಕೊಡಬೇಕಾದವನೇ ಕೇಳುವ ಪ್ರಶ್ನೆ ಅದು.

ಈ ಕಾದಂಬರಿ ಕನ್ನಡಕ್ಕೂ ಉರ್ದುವಿಗೂ ಬರಲಿ. ಅಯೂರಳ ಪಾಲಿನ ಕಥೆಯನ್ನು ನಮ್ಮ ಹೆಣ್ಣುಮಕ್ಕಳೇ ಬರೆಯಲಿ.