ಒಬ್ಬರೇ ಕಟ್ಟಿದ ಕಾದಾಟ: ‘ವ್ಯಾನ್‌ಗಾರ್ಡ್ ಪ್ರಿನ್ಸೆಸ್’ ರಸಿಕರಿಗೊಂದು ಕೈಪಿಡಿ

‘ವ್ಯಾನ್‌ಗಾರ್ಡ್ ಪ್ರಿನ್ಸೆಸ್’ ಜಪಾನಿನ ತೊಮೊಆಕಿ ಸುಗೆನೊ 2009ರಲ್ಲಿ ವಿಂಡೋಸ್ ಕಂಪ್ಯೂಟರುಗಳಿಗೆಂದು ಉಚಿತವಾಗಿ ಬಿಡುಗಡೆ ಮಾಡಿದ ಫೈಟಿಂಗ್ ಗೇಮ್. ಪರದೆಯ ಮೇಲೆ ಇಬ್ಬರು ಎದುರುಬದುರು ನಿಂತು ಕಾದಾಡುತ್ತಾರೆ. ಎದುರಾಳಿಯ ಶಕ್ತಿಪಟ್ಟಿಯನ್ನು ಬರಿದು ಮಾಡಿದವರು ಆ ಸುತ್ತು ಗೆದ್ದಂತೆ. ಕಾದಾಳುಗಳೆಲ್ಲ ಹುಡುಗಿಯರೇ. ಪಾತ್ರಗಳ ಕಲ್ಪನೆ, ಅವರ ಒಂದೊಂದು ಚಲನೆಯ ಚಿತ್ರ, ಏಟುಗಳ ಲೆಕ್ಕಾಚಾರ, ಇವೆಲ್ಲ ಬಹುಮಟ್ಟಿಗೆ ಒಬ್ಬರದೇ ಕೈಕೆಲಸ. 2014ರಲ್ಲಿ ಇದರ ಇಂಗ್ಲಿಷ್ ಆವೃತ್ತಿ ಸ್ಟೀಮ್‌ನಲ್ಲಿ ಮಾರಾಟಕ್ಕೆ ಬಂತು.

ದೊಡ್ಡ ಕಂಪನಿಗಳ ಹಂಗಿಲ್ಲದೆ ತಮ್ಮ ಖುಷಿಗೆ ಮಾಡಿ ಹಂಚುವ ಇಂಥ ಕೃತಿಗಳನ್ನು ಜಪಾನಿನಲ್ಲಿ ‘ದೋಜಿನ್’ ಎನ್ನುತ್ತಾರೆ. 1975ರಲ್ಲಿ ಟೋಕಿಯೊದಲ್ಲಿ ಶುರುವಾದ ಕಾಮಿಕೆಟ್ ಸಂತೆ ಇವುಗಳ ದೊಡ್ಡ ಅಡ್ಡೆ. ಅಲ್ಲಿಂದ ಹೊರಟು ಬಹುದೂರ ಹೋದ ಆಟಗಳೂ ಇವೆ: 2002ರಲ್ಲಿ ದೋಜಿನ್ ಆಗಿ ಬಂದ ‘ಮೆಲ್ಟಿ ಬ್ಲಡ್’ ಮೂರೇ ವರ್ಷಗಳಲ್ಲಿ ಆರ್ಕೇಡ್‌ಗಳಿಗೆ ಕಾಲಿಟ್ಟಿತು. ಆದರೆ ಅದು ತಂಡದ ಕೆಲಸ. ಒಬ್ಬರೇ ಕೂತು ಫೈಟಿಂಗ್ ಗೇಮ್ ಮುಗಿಸುವುದು ತೀರ ಅಪರೂಪ. ಪ್ರತಿ ಪಾತ್ರಕ್ಕೂ ನಿಲ್ಲುವ, ನಡೆಯುವ, ಜಿಗಿಯುವ, ಹೊಡೆಯುವ, ಏಟು ತಿನ್ನುವ, ಬೀಳುವ, ಏಳುವ ಚಿತ್ರಗಳು ಬೇಕು. ಒಂದೊಂದಕ್ಕೂ ಹಲವು ಹಂತ ಬರೆಯಬೇಕು. ಒಬ್ಬ ಕಾದಾಳುವಿಗೇ ನೂರಾರು ಚಿತ್ರಗಳಾಗುತ್ತವೆ.

ಸುಗೆನೊ ಬಳಸಿದ ಸಲಕರಣೆ ‘ಟೂಡಿ ಕಾಕುತೊ ತ್ಸುಕೂರು ಸೆಕೆಂಡ್’, ಇಂಗ್ಲಿಷಿನವರ ಬಾಯಲ್ಲಿ ‘ಫೈಟರ್ ಮೇಕರ್’. ಪ್ರೋಗ್ರಾಮಿಂಗ್ ಕಲಿಯದವರೂ ಫೈಟಿಂಗ್ ಗೇಮ್ ಮಾಡಲಿ ಎಂದೇ ಹುಟ್ಟಿದ ತಂತ್ರಾಂಶ ಇದು. ಚಿತ್ರಗಳನ್ನು ಸಾಲಾಗಿ ಜೋಡಿಸಿ, ಪ್ರತಿ ಚಿತ್ರ ಎಷ್ಟು ಹೊತ್ತು ನಿಲ್ಲಬೇಕು, ಅದರ ಯಾವ ಭಾಗ ತಾಗಿದರೆ ಏಟು, ಯಾವ ಭಾಗ ಏಟಿಗೆ ಸಿಗುತ್ತದೆ ಎಂದು ಚೌಕ ಎಳೆದು ಗುರುತಿಸುವುದು ಇದರ ಕ್ರಮ. ಸಲಕರಣೆ ಸುಲಭದ್ದಾದರೂ ಅದರಿಂದ ಹದ ತಾನಾಗಿ ಬರುವುದಿಲ್ಲ. ಇದೇ ತಂತ್ರಾಂಶದಲ್ಲಿ ಹವ್ಯಾಸಿಗಳು ಮಾಡಿದ ಬೇರೆ ಆಟಗಳ ಪಕ್ಕದಲ್ಲಿಟ್ಟು ನೋಡಿದರೆ ‘ವ್ಯಾನ್‌ಗಾರ್ಡ್ ಪ್ರಿನ್ಸೆಸ್’ನ ಚಲನೆ ಎಷ್ಟು ನಯವಾದುದೆಂದು ತಿಳಿಯುತ್ತದೆ.

ಆದ್ದರಿಂದ ಹೊಸಬರು ಮೊದಲು ಗೆಲುವು ಸೋಲನ್ನು ಮರೆತು ಒಂದೇ ಒಂದು ಬಲವಾದ ಏಟನ್ನು ನಿಧಾನಗತಿಯಲ್ಲಿ ನೋಡಬೇಕು. ಅದರಲ್ಲಿ ಮೂರು ಘಟ್ಟಗಳಿರುತ್ತವೆ. ಮೈ ಹಿಂದಕ್ಕೆ ಸರಿದು ಬಲ ಕೂಡಿಸಿಕೊಳ್ಳುವುದು ಮೊದಲನೆಯದು. ಏಟು ತಾಗಬಲ್ಲ ಕ್ಷಣ ಎರಡನೆಯದು. ಕೈಕಾಲು ಮತ್ತೆ ಹತೋಟಿಗೆ ಬರುವುದು ಮೂರನೆಯದು. ನಡುವಿನ ಘಟ್ಟ ಕಣ್ಣಿಗೆ ಸಿಗದಷ್ಟು ಚಿಕ್ಕದು. ಏಟಿನ ತೂಕವನ್ನು ನೋಡುಗರಿಗೆ ಮುಟ್ಟಿಸುವುದು ಅದರ ಹಿಂದುಮುಂದಿನ ಚಿತ್ರಗಳೇ: ಮೈ ನಿಂತ ಮೇಲೂ ಕೂದಲು ಹಾರಿ ಕೆಳಗಿಳಿಯುತ್ತದೆ, ಬಟ್ಟೆಯ ಅಂಚು ಒಂದು ಸುತ್ತು ತಿರುಗಿ ಕಾಲಿಗೆ ಮರಳುತ್ತದೆ. ಏಟು ತಾಗಿದ ಗಳಿಗೆಯಲ್ಲಿ ಇಬ್ಬರೂ ಅರೆಕ್ಷಣ ಕಲ್ಲಾಗಿ ನಿಲ್ಲುವುದೂ ಈ ಪ್ರಕಾರದ ಹಳೆಯ ಜಾಣ್ಮೆ. ಆ ತಡೆ ಇಲ್ಲದಿದ್ದರೆ ಎಂಥ ಗುದ್ದೂ ಗಾಳಿಗೆ ಕೈಬೀಸಿದಂತೆ ಹಗುರವಾಗುತ್ತದೆ.

ಈ ಮೂರು ಘಟ್ಟಗಳೇ ಆಟದ ಬುದ್ಧಿಯ ಭಾಗಕ್ಕೂ ಬುನಾದಿ. ಫೈಟಿಂಗ್ ಗೇಮ್‌ಗಳಲ್ಲಿ ಕಾಲವನ್ನು ಫ್ರೇಮ್‌ಗಳಲ್ಲಿ ಅಳೆಯುತ್ತಾರೆ. ಹೆಚ್ಚಿನ ಆಟಗಳಲ್ಲಿ ಸೆಕೆಂಡಿಗೆ 60 ಫ್ರೇಮ್. 5 ಫ್ರೇಮಿನಲ್ಲಿ ತಾಗುವ ಗುದ್ದು ಸೆಕೆಂಡಿನ ಹನ್ನೆರಡನೇ ಒಂದು ಪಾಲಿನಲ್ಲಿ ಬಂದುಬಿಡುತ್ತದೆ. ಮನುಷ್ಯರ ಕಣ್ಣು ಕಂಡು ಕೈ ಓಡಲು ಅದರ ಎರಡು ಮೂರು ಪಟ್ಟು ಹೊತ್ತು ಬೇಕು. ಹೀಗಾಗಿ ಚುರುಕಿನ ಏಟನ್ನು ನೋಡಿ ತಡೆಯಲಾಗದು, ಮೊದಲೇ ಊಹಿಸಿ ತಡೆಯಬೇಕು. ನಿಧಾನದ ಏಟನ್ನು ನೋಡಿಯೇ ತಡೆಯಬಹುದು. ಊಹೆಯ ಲೆಕ್ಕ ಹೀಗಿದೆ: ತಡೆ ಏಟನ್ನು ಗೆಲ್ಲುತ್ತದೆ, ಹಿಡಿದೆಸೆತ ತಡೆಯನ್ನು ಗೆಲ್ಲುತ್ತದೆ, ಏಟು ಹಿಡಿದೆಸೆತವನ್ನು ಗೆಲ್ಲುತ್ತದೆ. ಪಳಗಿದ ಆಟಗಾರರು ಕೆಲವೊಮ್ಮೆ ಏನೂ ಮಾಡದೆ ಹಿಂದೆ ಮುಂದೆ ಸರಿಯುತ್ತಿರುವಂತೆ ಕಂಡರೆ ಹೊಸಬರು ಬೇಸರಪಡಬಾರದು. ಎದುರಾಳಿಯ ಏಟು ತುಸುವೇ ತಪ್ಪುವ ದೂರವನ್ನು ಅವರು ಹುಡುಕುತ್ತಿರುತ್ತಾರೆ. ಪಂದ್ಯದ ಒಳ್ಳೆಯ ಭಾಗ ಬಹಳ ಸಲ ಇದೇ.

ಏಟಿಗೆ ಏಟು ಪೋಣಿಸುವ ಕಾಂಬೊ ಇನ್ನೊಂದು ಸೊಗಸು. ಇದು ಹುಟ್ಟಿದ್ದೇ ಆಕಸ್ಮಿಕವಾಗಿ. 1991ರ ‘ಸ್ಟ್ರೀಟ್ ಫೈಟರ್ 2’ ತಯಾರಾಗುವಾಗ ನಿರ್ಮಾಪಕ ನೊರಿಟಾಕ ಫುನಮಿಜು ಕಾರು ಒಡೆಯುವ ಬೋನಸ್ ಹಂತವನ್ನು ಪರೀಕ್ಷಿಸುತ್ತಿದ್ದರು. ಒಂದು ಏಟಿನ ಬೆನ್ನಿಗೇ ಇನ್ನೊಂದು ಬೀಳುವುದು ಆಗ ಅವರ ಕಣ್ಣಿಗೆ ಬಿತ್ತು. ಅದನ್ನು ತೆಗೆಯದೆ ಉಳಿಸಿಕೊಂಡರು. ಕಾಂಬೊ ನೋಡುವಾಗ ಏಟುಗಳ ಎಣಿಕೆಗಿಂತ ಮೊದಲ ಏಟು ಹೇಗೆ ಒಳನುಗ್ಗಿತು ಎಂಬುದರ ಕಡೆ ಗಮನವಿರಬೇಕು. ಉಳಿದದ್ದು ಅಭ್ಯಾಸದಿಂದ ಬರುವಂಥದು.

‘ವ್ಯಾನ್‌ಗಾರ್ಡ್ ಪ್ರಿನ್ಸೆಸ್’ನ ಸ್ವಂತ ರುಚಿ ಇರುವುದು ಸಹಾಯಕಿಯರ ಏರ್ಪಾಟಿನಲ್ಲಿ. ಪ್ರತಿ ಆಟಗಾರರೂ ಮುಖ್ಯ ಕಾದಾಳುವಿನ ಜೊತೆಗೆ ಒಬ್ಬ ಸಹಾಯಕಿಯನ್ನು ಆರಿಸಿಕೊಳ್ಳುತ್ತಾರೆ. ಬಟನ್ ಒತ್ತಿದರೆ ಆಕೆ ತನ್ನದೇ ಲಯದಲ್ಲಿ ದಾಳಿಗಿಳಿಯುತ್ತಾಳೆ. ಹೀಗೆ ಎರಡು ಏಟುಗಳು ಎರಡು ಹೊತ್ತಿಗೆ ಬರುತ್ತವೆ. ಸಹಾಯಕಿಯ ಏಟನ್ನು ತಡೆಯುತ್ತ ನಿಂತವರ ಮೇಲೆ ಮುಖ್ಯ ಕಾದಾಳು ಜಿಗಿದು ಬಂದರೆ, ಎದ್ದು ತಡೆಯಬೇಕೋ ಕೂತು ತಡೆಯಬೇಕೋ ಎಂಬ ಗೊಂದಲ ಹುಟ್ಟುತ್ತದೆ. ನೋಡುಗರ ಒಂದು ಕಣ್ಣು ಸದಾ ಸಹಾಯಕಿಯ ಮೇಲಿದ್ದರೆ ಮುಂದಿನ ಏಟು ಎಲ್ಲಿಂದ ಬರಲಿದೆ ಎಂಬುದರ ಸುಳಿವು ಸಿಗುತ್ತದೆ.

ಕುಂದುಗಳನ್ನೂ ಹೇಳಬೇಕು. ಕೆಲವು ಚಿತ್ರಗಳಲ್ಲಿ ಹುಡುಗಿಯರ ಮೈಯನ್ನು ಮೆರೆಸುವ ಚಪಲ ಎದ್ದು ಕಾಣುತ್ತದೆ. ಇಷ್ಟು ಒಳ್ಳೆಯ ಕೈಗೆ ಅದು ಬೇಕಿರಲಿಲ್ಲ. ಕಂಪನಿಗಳಲ್ಲಿ ಆಡಿ ನೋಡಿ ತಪ್ಪು ಹುಡುಕಲೆಂದೇ ಜನರಿರುತ್ತಾರೆ, ಬಿಡುಗಡೆಯಾದ ಮೇಲೂ ತಿದ್ದುಪಡಿಗಳು ಬರುತ್ತಲೇ ಇರುತ್ತವೆ. ಒಬ್ಬರೇ ಮಾಡುವ ಆಟಕ್ಕೆ ಆ ಭಾಗ್ಯವಿಲ್ಲ. ಪಾತ್ರಗಳ ಬಲಾಬಲ ಏರುಪೇರಾಗಿದ್ದರೆ ಅದನ್ನು ಈ ಪ್ರಕಾರದ ಗುಣವೆಂದೇ ಒಪ್ಪಿ ಆಡುವುದು ಲೇಸು.

ಆಡಲು ಕೂರುವವರು ಒಬ್ಬಳೇ ಕಾದಾಳುವನ್ನು, ಒಬ್ಬಳೇ ಸಹಾಯಕಿಯನ್ನು ಹಿಡಿದು ಕೆಲವು ವಾರ ಬದಲಾಯಿಸದೆ ಆಡಬೇಕು. ಮೊದಲು ಅವಳ ಅತಿ ಚುರುಕಿನ ಏಟು, ಅತಿ ದೂರ ತಲುಪುವ ಏಟು, ಜಿಗಿದು ಬರುವವರನ್ನು ಕೆಳಗುರುಳಿಸುವ ಏಟು, ಇವಿಷ್ಟು ಕೈಗೆ ಬರಲಿ. ಕೀಬೋರ್ಡ್ ಆದರೂ ಸರಿ, ಜಾಯ್‌ಸ್ಟಿಕ್ ಆದರೂ ಸರಿ. ಪಕ್ಕದಲ್ಲಿ ಕೂತು ಆಡುವ ಜೊತೆಗಾರರೊಬ್ಬರು ಸಿಕ್ಕರೆ ಕಲಿಕೆ ಬೇಗ ಸಾಗುತ್ತದೆ, ಏಕೆಂದರೆ ಕಂಪ್ಯೂಟರ್ ಎದುರಾಳಿಯ ಚಾಳಿ ಒಮ್ಮೆ ತಿಳಿದರೆ ಅದರ ಮೇಲೆ ಊಹೆಯ ಆಟ ನಡೆಯುವುದಿಲ್ಲ.