ಗೆರೆ ಎಳೆದವರು ಯಾರು?

ಅಮೆರಿಕದ ಮಾನವಶಾಸ್ತ್ರಜ್ಞೆ ರೇನಾ ರಾಪ್ ಅವರ 'ಟೆಸ್ಟಿಂಗ್ ವಿಮೆನ್, ಟೆಸ್ಟಿಂಗ್ ದ ಫೀಟಸ್' 1999ರಲ್ಲಿ ಪ್ರಕಟವಾದ ಕೃತಿ. ಗರ್ಭಿಣಿಯ ಹೊಟ್ಟೆಯಿಂದ ಸೂಜಿಯ ಮೂಲಕ ಗರ್ಭಜಲ ತೆಗೆದು ಭ್ರೂಣದ ವರ್ಣತಂತುಗಳನ್ನು ನೋಡುವ ಆಮ್ನಿಯೋಸೆಂಟೆಸಿಸ್ ಪರೀಕ್ಷೆ ಅದರ ವಸ್ತು. ವಂಶವಾಹಿ ಸಲಹೆಗಾರರು ಬೇರೆ ಬೇರೆ ವರ್ಗ, ಬಣ್ಣ, ಭಾಷೆಯ ಹೆಣ್ಣುಮಕ್ಕಳೊಂದಿಗೆ ಹೇಗೆ ಮಾತನಾಡುತ್ತಾರೆಂಬುದನ್ನು ರಾಪ್ ನ್ಯೂಯಾರ್ಕಿನ ಆಸ್ಪತ್ರೆಗಳಲ್ಲಿ ಕುಳಿತು ಕೇಳಿಸಿಕೊಂಡರು. ಸ್ವತಃ ಈ ಪರೀಕ್ಷೆಗೆ ಒಳಗಾಗಿ, ಭ್ರೂಣಕ್ಕೆ ಡೌನ್ ಸಿಂಡ್ರೋಮ್ ಇದೆಯೆಂದು ತಿಳಿದು ಗರ್ಭಪಾತ ಮಾಡಿಸಿಕೊಂಡವರು ಅವರು. ಆದರೂ ತಮ್ಮ ತೀರ್ಮಾನವನ್ನು ಓದುಗರ ಮೇಲೆ ಹೇರುವುದಿಲ್ಲ. ಇದು ಪುಸ್ತಕದ ದೊಡ್ಡ ಗುಣ.

ಅದರ ಬಲವಾದ ಭಾಗ 35 ವರ್ಷದ ಗಡಿಯ ಚರ್ಚೆ. ಈ ವಯಸ್ಸು ದಾಟಿದ ಗರ್ಭಿಣಿಯರಿಗೆ ಆಗ ಅಮೆರಿಕದಲ್ಲಿ ಪರೀಕ್ಷೆ ಸೂಚಿಸುತ್ತಿದ್ದರು. ತಾಯಿಯ ವಯಸ್ಸು ಏರಿದಂತೆ ಡೌನ್ ಸಿಂಡ್ರೋಮ್‌ನ ಸಾಧ್ಯತೆ ಏರುತ್ತದೆ, ನಿಜ. ಆದರೆ 34ಕ್ಕೂ 35ಕ್ಕೂ ನಡುವೆ ನಿಸರ್ಗ ಗೋಡೆ ಕಟ್ಟಿಲ್ಲ. ಸೂಜಿಯಿಂದ ಗರ್ಭ ಹೋಗುವ ಸಾಧ್ಯತೆಯೂ ದೋಷ ಸಿಗುವ ಸಾಧ್ಯತೆಯೂ ಹೆಚ್ಚುಕಡಿಮೆ ಸರಿದೂಗುವ ಜಾಗ ನೋಡಿ ಮನುಷ್ಯರು ಎಳೆದ ಗೆರೆ ಅದು. 2007ರಲ್ಲಿ ಅಲ್ಲಿನ ಪ್ರಸೂತಿ ತಜ್ಞರ ಸಂಘವೇ ಪರೀಕ್ಷೆಯನ್ನು ವಯಸ್ಸಿಗೆ ಕಟ್ಟಿಹಾಕಬಾರದೆಂದು ಹೇಳಿತು.

ಬಸುರಿಯರ ಮಧುಮೇಹವನ್ನೂ ಇದೇ ಕಣ್ಣಿನಿಂದ ನೋಡಬೇಕಾಗಿದೆ. 2008ರಲ್ಲಿ ಪ್ರಕಟವಾದ 'ಹ್ಯಾಪೊ' ಅಧ್ಯಯನ 9 ದೇಶಗಳ ಸುಮಾರು 25 ಸಾವಿರ ಗರ್ಭಿಣಿಯರನ್ನು ಪರೀಕ್ಷಿಸಿತು. ತಾಯಿಯ ರಕ್ತದ ಸಕ್ಕರೆ ಏರಿದಂತೆ ಮಗುವಿನ ತೂಕ ಅತಿಯಾಗುವ ಸಾಧ್ಯತೆಯೂ ಏರುತ್ತಾ ಹೋಯಿತು. ಇಲ್ಲಿಂದಾಚೆ ಕಾಯಿಲೆ ಎನ್ನುವಂಥ ಸ್ಪಷ್ಟ ಗಡಿ ಕಾಣಲಿಲ್ಲ. 2010ರಲ್ಲಿ ತಜ್ಞರು ಕೂಡಿ, ಬರಿಹೊಟ್ಟೆಯಲ್ಲಿ ಡೆಸಿಲೀಟರಿಗೆ 92 ಮಿಲಿಗ್ರಾಂ ಎಂಬ ಗೆರೆ ಎಳೆದರು. ಚಿಕಿತ್ಸೆಗೆ ಗೆರೆ ಬೇಕು, ಒಪ್ಪೋಣ. ಆದರೆ 91 ಬಂದವಳು ನಿರಾಳವಾಗಿ, 93 ಬಂದವಳು ತಪ್ಪಿತಸ್ಥಳಾಗುವುದು ಏಕೆ?

ಇದರಲ್ಲಿ ನಮ್ಮ ಭಾಷೆಗಳ ಪಾಲೂ ಇದೆ. ಉರ್ದುವಿನ 'ಖತರಾ', ಕನ್ನಡದ 'ಅಪಾಯ' ಎರಡೂ ಸಾಧ್ಯತೆಯ ಲೆಕ್ಕ ಹೇಳುವುದಿಲ್ಲ, ಹೆದರಿಸುತ್ತವೆ. ಇನ್ನೂರರಲ್ಲಿ ಒಬ್ಬರಿಗೆ ಎಂದಾಗ ಉಳಿದ 199 ಮಂದಿ ಕಿವಿಗೆ ಬೀಳುವುದೇ ಇಲ್ಲ. 'ಸಕ್ಕರೆ ಕಾಯಿಲೆ', 'ಶಕ್ಕರ್ ಕಿ ಬೀಮಾರಿ' ಎಂದೊಡನೆ ಮನೆಯವರ ಮೊದಲ ಪ್ರಶ್ನೆ, ಎಷ್ಟು ಸಿಹಿ ತಿಂದೆ ಎಂಬುದು. ವಾಸ್ತವದಲ್ಲಿ ಮಾಸಿನಿಂದ ಬರುವ ಹಾರ್ಮೋನುಗಳು ಇನ್ಸುಲಿನ್‌ನ ಕೆಲಸಕ್ಕೆ ಅಡ್ಡ ಬರುತ್ತವೆ. ಅದನ್ನು ಮೀರುವಷ್ಟು ಇನ್ಸುಲಿನ್ ದೇಹದಲ್ಲಿ ತಯಾರಾಗದಿದ್ದರೆ ಸಕ್ಕರೆ ಏರುತ್ತದೆ.

ಇನ್ನೊಂದು ಭ್ರಮೆಯೂ ಇದೆ. ಗರ್ಭಕ್ಕೆ ಮೊದಲೇ ಇದ್ದ ಮಧುಮೇಹ ಹತೋಟಿಯಲ್ಲಿಲ್ಲದಿದ್ದರೆ ಮಗುವಿನ ಹೃದಯ, ಬೆನ್ನುಹುರಿಯ ದೋಷಗಳು ಹೆಚ್ಚು. ಇವು ಉಂಟಾಗುವುದು ಮೊದಲ ಕೆಲವು ವಾರಗಳಲ್ಲಿ, ಎಷ್ಟೋ ಸಲ ಬಸಿರು ಗೊತ್ತಾಗುವ ಮೊದಲೇ. ಇಂಥ ದೋಷಗಳನ್ನು ವರ್ಣತಂತು ಪರೀಕ್ಷೆ ಹಿಡಿಯಲಾರದು. ವರ್ಣತಂತು ಸರಿಯಿದೆ ಎಂದರೆ ಮಗು ಸರಿಯಿದೆ ಎಂದಲ್ಲ. ಇಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಬಸಿರಿಗೆ ಮುನ್ನ ಮಾಡಿಸುವ ಅಗ್ಗದ ಸಕ್ಕರೆ ಪರೀಕ್ಷೆ ಮತ್ತು ಹತೋಟಿ.

ಹೊಸ ಪರೀಕ್ಷೆಗಳ ಮುಂದೆ ನಿಂತು ಹಿಂದೆ ಯಾರೂ ತೆಗೆದುಕೊಳ್ಳದ ತೀರ್ಮಾನ ತೆಗೆದುಕೊಳ್ಳುವ ಹೆಣ್ಣುಮಕ್ಕಳನ್ನು ರಾಪ್ ನೈತಿಕ ದಾರಿಯ ಮೊದಲಿಗರು ಎನ್ನುತ್ತಾರೆ. ಗೌರವದ ಮಾತೇ. ಆದರೆ ಮೊದಲಿಗಳೆಂದರೆ ಒಂಟಿಯಾಗಿ ನಡೆಯುವವಳು ಎಂದೂ ಅರ್ಥವಾಗುತ್ತದೆ. ಮಧುಮೇಹದ ತೀರ್ಮಾನ ಒಂದು ದಿನದ್ದಲ್ಲ, ಮೂರು ಹೊತ್ತಿನದು. ನಮ್ಮ ಎಷ್ಟೋ ಕೂಡುಕುಟುಂಬಗಳಲ್ಲಿ ಸೊಸೆ ಉಣ್ಣುವುದು ಎಲ್ಲರೂ ಉಂಡ ಮೇಲೆ, ಉಳಿದದ್ದನ್ನು. ಅಂಥವಳ ಕೈಗೆ ಆಹಾರದ ಪಟ್ಟಿ ಕೊಟ್ಟು, ಇನ್ನು ನಿಮ್ಮ ಹೊಣೆ ಎಂದರೆ ಅದು ಸಲಹೆಯಾಗುವುದಿಲ್ಲ. ಆ ಕೋಣೆಗೆ ಗಂಡನನ್ನೂ ಅತ್ತೆಯನ್ನೂ ಕರೆಸಬೇಕು. ಅವರ ಎದುರಿಗೇ, ಇದು ಇವಳ ತಪ್ಪಲ್ಲ, ಗೆರೆ ನಾವು ಎಳೆದದ್ದು ಎಂದು ವೈದ್ಯರು ಹೇಳಬೇಕು.

ನಮ್ಮ ಸರ್ಕಾರಿ ಆಸ್ಪತ್ರೆಗಳ ಬೆಂಚಿನ ಮೇಲೂ ರಾಪ್‌ರಂತೆ ಕುಳಿತು, ಕೇಳಿಸಿಕೊಂಡು, ಕನ್ನಡದಲ್ಲಿ ಬರೆಯುವವರು ಬೇಕಾಗಿದ್ದಾರೆ.